ಮಡಚಿದ ಹಾಳೆ

ಜೂನ್ 12

ಇರುವೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಚೆನ್ನಾಗಿದ್ದೀಯ ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. "ಅವಳಿಗೆ ಕೊಡು" ಎಂದೆ. "ಸ್ನಾನಕ್ಕೆ ಹೋಗಿದ್ದಾಳಪ್ಪಾ" ಎಂದಳು. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಸ್ನಾನ. ಇಷ್ಟು ಮಿಂದರೆ ಮೈಮೇಲೆ ಚರ್ಮ ಉಳಿಯುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹೇಗೂ ಫೋನು ಕಿವಿಗೆ ಬಂದರೆ ನನ್ನ ಗಂಟಲು ತಾನಾಗಿ ಏರುತ್ತದೆ. ಕಾಗದದಲ್ಲಿ ಕಿರುಚಲು ಬರುವುದಿಲ್ಲ.

ಒಂದು ಪುಸ್ತಕ ಕತ್ತರಿಸಿದ್ದಕ್ಕೆ, ಆರು ವರ್ಷದವಳಿದ್ದಾಗಿನಿಂದ ಬೆಳೆದ ಮನೆ ಬಿಟ್ಟು ಹೋದವರನ್ನು ನಾನು ಕಂಡಿರಲಿಲ್ಲ. ಅದು ಪುಸ್ತಕವೂ ಅಲ್ಲ. ರಟ್ಟಿಲ್ಲ, ಮೊದಲ ಹಾಳೆಯಿಲ್ಲ, ಕೊನೆಯ ಹತ್ತು ಹಾಳೆಯಿಲ್ಲ. ನಮ್ಮ ಕಸುಬಿನಲ್ಲಿ ಅದಕ್ಕೆ ರದ್ದಿ ಎನ್ನುತ್ತಾರೆ. ನಲವತ್ತು ವರ್ಷದಿಂದ ಪುಸ್ತಕ ಕಟ್ಟುತ್ತಿದ್ದೇನೆ. ರದ್ದಿಯನ್ನು ಬೆರಳಗಲ ಪಟ್ಟಿ ಕತ್ತರಿಸಿ, ಹಿಟ್ಟಿನ ಅಂಟು ಬಳಿದು, ಪುಸ್ತಕದ ಬೆನ್ನಿಗೆ ಒಳಗಿನಿಂದ ಅಂಟಿಸಿದರೆ ಬೆನ್ನು ಗಟ್ಟಿಯಾಗುತ್ತದೆ. ಮೇಲೆ ಬಟ್ಟೆ ಬಂದಮೇಲೆ ಒಳಗೇನಿದೆ ಎಂದು ಯಾರಿಗೂ ಕಾಣುವುದಿಲ್ಲ. ಆ ದಿನ ನಿಮ್ಮ ಶಾಲೆಯ ಲೈಬ್ರರಿಯ ನಲವತ್ತೆರಡು ಪುಸ್ತಕ ಮೇಜಿನ ಮೇಲಿದ್ದವು. ಪಟ್ಟಿ ಬೇಕಿತ್ತು, ಕತ್ತರಿಸಿದೆ.

ಗಣಿತದಲ್ಲಿ ಮೂವತ್ತೊಂದು ತಂದವಳು ಅಂಗಡಿಯ ಮೂಲೆಯಲ್ಲಿ ಕೂತು ಕಥೆ ಓದುತ್ತಿದ್ದರೆ ಬೆನ್ನು ತಟ್ಟಬೇಕಿತ್ತೇನು? ನಿನ್ನ ಒಳ್ಳೆಯದಕ್ಕೇ ಮಾಡಿದ್ದು.

ನಿನ್ನ ಏಳು ಜನ ಗೆಳತಿಯರು ನನ್ನನ್ನು ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಾರೆ. ನೀನು ಕೊಕ್ಕರೆ ಎನ್ನುವ ಆ ಉದ್ದನೆಯವಳಂತೂ ಮುಖ ತಿರುಗಿಸುತ್ತಾಳೆ. ನಾನೇನು ಕೊಲೆ ಮಾಡಿದ್ದೇನೆಯೇ?

ಸಿಟ್ಟು ಸಾಕು. ಶಾಲೆ ಶುರುವಾಗಿದೆ. ಬಾ.

ನಿನ್ನ ಅಜ್ಜ


ಜುಲೈ 4

ಅಜ್ಜನವರಿಗೆ,

ನಿಮ್ಮ ಕಾಗದ ಬಂತು. ನಾನು ಸ್ನಾನ ಮಾಡುತ್ತಿರಲಿಲ್ಲ.

ಇಲ್ಲಿಯ ಶಾಲೆಗೇ ಸೇರಿದ್ದೇನೆ. ಅಮ್ಮನಿಗೆ ಈಗ ಆಸ್ಪತ್ರೆಯಲ್ಲಿ ಹಗಲು ಪಾಳಿ, ಹಾಗಾಗಿ ತೊಂದರೆಯಿಲ್ಲ. ಮೊದಲ ಪರೀಕ್ಷೆಯಲ್ಲಿ ಗಣಿತಕ್ಕೆ ಎಂಬತ್ತೊಂದು ಬಂದಿದೆ. ನೀವು ಹೇಳಿದ್ದು ಸರಿ. ಕಥೆ ಬಿಟ್ಟರೆ ಅಂಕ ಬರುತ್ತದೆ. ಬಿಟ್ಟಿದ್ದೇನೆ. ಓದಬೇಕು ಎಂದು ಈಗ ಅನ್ನಿಸುವುದೂ ಇಲ್ಲ. ಲೈಬ್ರರಿ ಪೀರಿಯಡ್ಡಿನಲ್ಲಿ ಎಲ್ಲರೂ ಪುಸ್ತಕ ಆರಿಸುವಾಗ ನಾನು ಕಿಟಕಿಯ ಹತ್ತಿರ ಕೂತು ಲೆಕ್ಕ ಮಾಡುತ್ತೇನೆ. ಅಮ್ಮನಿಗೆ ಸಂತೋಷ. ನಿಮಗೂ ಆಗಬೇಕು.

ಆದರೆ ಅದು ರದ್ದಿ ಅಲ್ಲ. ದೋಣಿ ನಡೆಸುವ ಒಬ್ಬ ಹೆಂಗಸಿನ ಹತ್ತಿರ ಪ್ರಯಾಣಿಕನೊಬ್ಬ ಪೆಟ್ಟಿಗೆ ಬಿಟ್ಟುಹೋಗುತ್ತಾನೆ. ಅವಳು ಅದನ್ನು ತೆರೆದಳೋ ಇಲ್ಲವೋ ಎನ್ನುವುದು ಕಳೆದುಹೋದ ಆ ಹತ್ತು ಹಾಳೆಗಳಲ್ಲಿತ್ತು. ಅದಕ್ಕೇ ನಾವು ಎಂಟು ಜನವೂ ನಮಗೆ ತೋಚಿದ ಕೊನೆಯನ್ನು ಒಂದೊಂದು ಹಾಳೆಯಲ್ಲಿ ಬರೆದು ಅದರೊಳಗೇ ಇಟ್ಟಿದ್ದೆವು. ಹಾಳೆ ಕತ್ತರಿಸುವ ನಿಮ್ಮ ಮಿಷನ್ನಿಗೆ ಆ ಎಂಟೂ ಹೋದವು. ಕೊಕ್ಕರೆ ಅದಕ್ಕಿಂತ ಮುಂಚೆ ಪಾಠ ಬಿಟ್ಟು ಬೇರೆ ಒಂದು ಪುಸ್ತಕವನ್ನೂ ಮುಟ್ಟಿದವಳಲ್ಲ. ತನ್ನದನ್ನು ಮೂರು ಸಲ ತಿದ್ದಿ ಬರೆದಿದ್ದಳು.

ಈ ಕಾಗದದಲ್ಲಿ ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆದಿದ್ದೇನೆ.

ಇಂತಿ,
ಹತ್ತನೆಯ ತರಗತಿ, ಬಿ ವಿಭಾಗ


ಜುಲೈ 19

ಇರುವೆ,

'ನೀವು' ಎಂದು ಬರೆದಿದ್ದೀಯ. ಹುಟ್ಟಿದಾಗಿನಿಂದ 'ನೀನು, ಹೋಗೋ ಅಜ್ಜ' ಎಂದವಳು. ಅದು ಮರ್ಯಾದೆ ಅಲ್ಲ ಎನ್ನುವುದು ತಿಳಿಯದಷ್ಟು ದಡ್ಡನಲ್ಲ ನಾನು.

ಎಂಬತ್ತೊಂದು ಬಂದದ್ದನ್ನು ಎದುರಿನ ಚಹಾ ಅಂಗಡಿಯವನಿಗೆ ಹೇಳಿದೆ. "ಮತ್ತೇನಜ್ಜ, ಗೆದ್ರಿ!" ಎಂದ. ಗೆದ್ದವನ ಬಾಯಿಗೆ ಅವತ್ತು ಚಹಾ ರುಚಿಸಲಿಲ್ಲ. ಓದಬೇಕು ಎಂದು ಅನ್ನಿಸುವುದೂ ಇಲ್ಲ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ನೋಡಿದೆನೋ. ಊಟಕ್ಕೆ ಕರೆದರೆ ಪುಸ್ತಕದ ಮೇಲೆ ಮೂಗಿಟ್ಟು, ಸಾಲಿನಿಂದ ಸಾಲಿಗೆ ಹರಿಯುತ್ತಿದ್ದವಳು ನೀನು. ಅದಕ್ಕೇ ಇರುವೆ ಎಂದು ಹೆಸರಿಟ್ಟದ್ದು. ಇಟ್ಟವನೇ ಕಾಲಲ್ಲಿ ಹೊಸಕಿದೆ.

ಇನ್ನೊಂದು ವಿಷಯ ಹೇಳಬೇಕು. ಇದನ್ನು ಬರೆಯಲು ಐದು ದಿನದಿಂದ ಕೂರುತ್ತಿದ್ದೇನೆ, ಏಳುತ್ತಿದ್ದೇನೆ.

ಕತ್ತರಿಸುವಾಗ ನಿಮ್ಮ ಹಾಳೆಗಳು ಒಳಗಿವೆ ಎಂದು ಗೊತ್ತಿರಲಿಲ್ಲ. ಇದು ಸತ್ಯ. ಆದರೆ ಪಟ್ಟಿಗಳಿಗೆ ಅಂಟು ಬಳಿಯುವಾಗ ಕಪ್ಪು ಅಚ್ಚಿನ ನಡುವೆ ಒಂದು ನೀಲಿ ಬಂತು. ಅಚ್ಚಿನ ಪುಸ್ತಕದಲ್ಲಿ ನೀಲಿ ಶಾಯಿ ಎಲ್ಲಿಂದ ಬರಬೇಕು? ಒಂದಲ್ಲ, ಇನ್ನೊಂದು ಬಂತು, ಮತ್ತೊಂದು ಬಂತು. ನಿನ್ನ ಕೈಬರಹ ನನಗೆ ಗೊತ್ತಿಲ್ಲವೇ? ಆಗ ಇನ್ನೂ ಎರಡೇ ಪುಸ್ತಕದ ಬೆನ್ನು ಮುಗಿದಿತ್ತು. ನಲವತ್ತು ಬಾಕಿಯಿದ್ದವು. ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಹಿಂದೆ ತೆಳು ಕಾಗದ ಅಂಟಿಸಿದ್ದರೆ ಹಾಳೆ ಮತ್ತೆ ಹಾಳೆಯಾಗುತ್ತಿತ್ತು. ಗೆದ್ದಲು ತಿಂದ ಪುಸ್ತಕವನ್ನೇ ನಾನು ಹಾಗೆ ಎಬ್ಬಿಸಿದ್ದೇನೆ. ಕೈಯಲ್ಲಿದ್ದ ಕುಂಚ ಒಂದು ಗಳಿಗೆ ನಿಂತಿತು.

ಆಮೇಲೆ ಬಳಿದೆ. ನಲವತ್ತಕ್ಕೂ ಬಳಿದೆ.

ಯಾಕೆ ಎಂದು ಕೇಳಬೇಡ. ನಿನ್ನ ಹಾಳೆಯನ್ನು ನನ್ನ ಕೈಗಿಟ್ಟು "ಓದಜ್ಜ" ಎಂದಿದ್ದೆಯಲ್ಲ, ಆಮೇಲೆ ಆ ಹುಡುಗಿಯರ ಮುಂದೆ ಏನೋ ಕೇಳಿದೆಯಲ್ಲ, ಆ ಮಾತು ಇಲ್ಲಿ ಬೇಡ. ಗಣಿತಕ್ಕೆ ಸಿಟ್ಟು ಬಂತು ಎಂದೇ ಇಟ್ಟುಕೋ.

ಬಿಡಿಬಿಡಿಯಾಗಿ ಬರೆದದ್ದು ಯಾಕೆ ಎಂದು ನಾನೂ ಕೇಳುವುದಿಲ್ಲ. ಓದಲು ಸುಲಭವಾಯಿತು.

ಅಜ್ಜ


ಆಗಸ್ಟ್ 8

ಇರುವೆ,

ಉತ್ತರವಿಲ್ಲ. ಇರಲಿ. ನಾನು ನಿನ್ನ ಹಳೆಯ ಶಾಲೆಗೆ ಹೋಗಿದ್ದೆ, ಅದನ್ನು ಹೇಳಬೇಕು.

ಪುಸ್ತಕದ ಕಟ್ಟು ಒಪ್ಪಿಸಲು ಎಷ್ಟೋ ಸಲ ಹೋದವನು, ವಾಪಸ್ ಕೇಳಲು ಹೋದದ್ದು ಇದೇ ಮೊದಲು. ಲೈಬ್ರರಿಯ ಟೀಚರ್ ಕಪಾಟು ಒರೆಸುತ್ತಿದ್ದರು.

"ಮೇಡಂ, ನಾನು ಕಟ್ಟಿಕೊಟ್ಟ ಪುಸ್ತಕ ವಾಪಸ್ ಬೇಕು."

"ಯಾವ್ದು?"

"ನಲವತ್ತೆರಡೂ."

"ಯಾಕೆ, ಹೊಲಿಗೆ ಬಿಡ್ತಾ?"

"ನಾನು ಸತ್ತ ಮೇಲೂ ನನ್ನ ಹೊಲಿಗೆ ಬಿಡಲ್ಲ. ಒಳಗೆ ಬೇರೆಯವರ ಸಾಮಾನು ಸೇರ್ಕೊಂಡಿದೆ."

ಹೇಳಿದೆ. ಅವರು ಒರೆಸುವ ಬಟ್ಟೆಯನ್ನು ಮಡಚಿಟ್ಟು ಪೂರ್ತಿ ಕೇಳಿದರು. ಆಮೇಲೆ, "ಆ ಒಂದಕ್ಕೋಸ್ಕರ ಈಗ ನಲವತ್ತೆರಡು ಹರೀತೀರಾ? ಒಂದ್ಸಲ ಹರಿದದ್ದು ಸಾಲ್ದಾ?" ಎಂದರು. ಒಣಗಿದ ಅಂಟಿನಿಂದ ಪಟ್ಟಿ ಬಿಡಿಸಿದರೆ ಪುಡಿಯಾಗುತ್ತದೆ ಎಂದು ನನಗೂ ಗೊತ್ತು. ಗೊತ್ತಿದ್ದೂ ಹೋಗಿದ್ದೆ. ಯಾರಾದರೂ ಬೈಯಲಿ ಎಂದೇ ಹೋದೆನೋ ಏನೋ.

ಅವರೇ ನಿನ್ನ ಏಳು ಜನರನ್ನು ಕರೆಸಿದರು. ಎಂಟು ನೋಟುಬುಕ್ಕು ಕಟ್ಟಿಕೊಂಡು ಹೋಗಿದ್ದೆ, ಒಳ್ಳೆಯ ಕಾಗದ, ಕೆಂಪು ಬಟ್ಟೆಯ ಬೆನ್ನು. ಬಗಲಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. "ತಪ್ಪಾಯ್ತು" ಎಂದೆ. ಆ ಮಾತಿಗೆ ನನ್ನ ನಾಲಗೆ ಪಳಗಿಲ್ಲ. ಅದೂ ಜಗಳದ ದನಿಯಲ್ಲೇ ಬಂತು. "ತಪ್ಪಾಯ್ತು ಅಂದೆನಲ್ಲ! ತಗೊಳ್ಳಿ, ಮತ್ತೆ ಬರೀರಿ!"

ಯಾರೂ ಮುಟ್ಟಲಿಲ್ಲ.

ಬೇಕರಿಯವನ ಮಗಳು ನೆಲ ನೋಡುತ್ತಾ, "ಏನು ಬರೆದಿದ್ದೆ ಅಂತ ಮರೆತೋಯ್ತು" ಎಂದಳು.

"ಯಾಕೆ ಹರಿದ್ರಿ?" ಎಂದು ಕೊಕ್ಕರೆ ನೇರವಾಗಿ ಕೇಳಿದಳು.

"ಅವಳಿಗೆ ಗಣಿತದಲ್ಲಿ ಮೂವತ್ತೊಂದು ಬಂದಿತ್ತು."

"ನಂಗೆ ಇಪ್ಪತ್ತೆರಡು ಬಂದಿತ್ತು. ನಮ್ಮಪ್ಪ ಏನೂ ಕತ್ತರಿಸ್ಲಿಲ್ಲ. ನಾವೀಗ ಓದೋದೂ ಇಲ್ಲ, ಬರೆಯೋದೂ ಇಲ್ಲ. ಯಾರಿಗೆ ಬೇಕು ಆ ರಗಳೆ? ನಿಮಗೆ ಅಷ್ಟು ಸಂಕಟ ಆಗಿದ್ರೆ ನೀವೇ ಒಂದು ಪುಸ್ತಕ ಓದಿ. ನಮ್ಮೆದುರಿಗೆ. ಗಟ್ಟಿಯಾಗಿ."

ಮೈಯೆಲ್ಲ ಬೆವರಿತು, ಇರುವೆ. ಮಿಷನ್ನಿಗೆ ಬೆರಳು ಕೊಡು ಎಂದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಇಲ್ಲ ಎಂದು ಬೈದು ಎದ್ದು ಬರುವುದು ನನಗೆ ಚೆನ್ನಾಗಿ ಬರುತ್ತದೆ. ಆದರೆ ಟೀಚರ್ ಆಗಲೇ ಕಪಾಟಿನಿಂದ ಒಂದು ಪುಸ್ತಕ ತೆಗೆದು ನನ್ನ ಮುಂದೆ ಇಟ್ಟಿದ್ದರು. ನಾನೇ ಕಟ್ಟಿದ್ದು. ಬೆನ್ನು ನೋಡಿದರೆ ನನಗೆ ಗೊತ್ತಾಗುತ್ತದೆ.

"ಆಗ್ಲಿ" ಎಂದುಬಿಟ್ಟೆ.

ಸೋಮವಾರದಿಂದ, ಶಾಲೆ ಬಿಟ್ಟಮೇಲೆ, ನಮ್ಮ ಅಂಗಡಿಯಲ್ಲಿ.

ಅಜ್ಜ


ಆಗಸ್ಟ್ 30

ಇರುವೆ,

ನೀನು ಕೇಳಿಲ್ಲ. ಆದರೂ ಬರೆಯುತ್ತೇನೆ.

ಮೂರು ವಾರವಾಯಿತು. ನಾಲ್ಕೂವರೆಗೆ ಬರುತ್ತಾರೆ. ರಟ್ಟಿನ ಕಟ್ಟುಗಳ ಮೇಲೆ ಕೂರುತ್ತಾರೆ, ಕೂರಬೇಡಿ ಎಂದರೂ ಕೂರುತ್ತಾರೆ. ನಾನು ಕೆಲಸದ ಮೇಜಿಗೆ ಪುಸ್ತಕವಿಟ್ಟು, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತೇನೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು. ಅಚ್ಚಿನ ಅಕ್ಷರವಾದರೆ ಒಂದೊಂದಾಗಿ ಹಿಡಿಯಬಲ್ಲೆ. ಈ ಕಾಗದ ಬರೆಯುವುದೂ ಹಾಗೇ, ರಾತ್ರಿಯೆಲ್ಲ ಕೂತು ಒಂದೊಂದೇ ಅಕ್ಷರ. ಒತ್ತಕ್ಷರ ಬಂದರೆ ಗಾಡಿ ಗುಂಡಿಗೆ ಬಿದ್ದ ಹಾಗೆ.

ಮೊದಲ ದಿನ, "ಅವಳು ದೊಡ್ಡ... ನಿ... ನಿಟ್... ನಿಟ್ಟು..." ಎಂದು ನಾನು ಒದ್ದಾಡುತ್ತಿದ್ದರೆ, ಕೊಕ್ಕರೆ ತಲೆ ಚಚ್ಚಿಕೊಂಡಳು. "ನಿಟ್ಟುಸಿರು ಬಿಟ್ಟಳು ಅಜ್ಜಾ! ಅವಳು ಉಸಿರು ಬಿಡೋಷ್ಟರಲ್ಲಿ ನಮ್ಮ ಬಸ್ಸೇ ಬಿಟ್ಟಿರುತ್ತೆ!"

ಏಳೂ ಜನ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಕಿವಿ ಕಾದ ಬಾಣಲೆಯಾಯಿತು. ಪುಸ್ತಕ ಎತ್ತಿ ಎಸೆಯೋಣ ಎಂದು ಕೈ ಎದ್ದಿತು. ಎದ್ದ ಕೈಯನ್ನು ಅವರು ನೋಡಿದರು. ನಗು ಟಕ್ಕನೆ ನಿಂತಿತು. ಬೇಕರಿಯವನ ಮಗಳು ನನ್ನ ಕೈಯನ್ನಲ್ಲ, ಮಿಷನ್ನನ್ನು ನೋಡುತ್ತಿದ್ದಳು. ಆ ನೋಟ ನೋಡಿ ಕೈ ತಾನಾಗಿ ಇಳಿಯಿತು. ಸಾಯುವವರೆಗೂ ಅದು ನನಗೆ ಮರೆಯುವುದಿಲ್ಲ.

ಬೆರಳನ್ನು ಮತ್ತೆ ಸಾಲಿಗಿಟ್ಟೆ. ಓದಿದೆ.

ಒಂದು ಗಂಟೆಗೆ ಎರಡು ಪುಟ, ಹೆಚ್ಚೆಂದರೆ ಮೂರು. ಐದೂವರೆಯಾದರೆ, ಕಥೆಯಲ್ಲಿ ಯಾರು ಬಾವಿಗೆ ಬೀಳುತ್ತಿದ್ದರೂ ಸರಿ, ನಿಲ್ಲಿಸುತ್ತೇನೆ. ಅಂಟು ಕಾಯಿಸಬೇಕಲ್ಲ. ಎರಡನೆಯ ವಾರ ಏನಾಯಿತು ಗೊತ್ತೇ? ಬಾಗಿಲು ಬಡಿದ ಸದ್ದು ಕೇಳಿದ ಕಡೆ ನಿಲ್ಲಿಸಿದ್ದೆ. ಮರುದಿನ ನಾನು ಓದಲು ಬಾಯಿ ತೆರೆದರೆ, ಬೇಕರಿಯವನ ಮಗಳು ಕೊಕ್ಕರೆಯ ಕಿವಿಯಲ್ಲಿ, "ತಮ್ಮ ಅಲ್ಲ ಕಣೇ ಬಂದಿರೋದು, ಬೇರೆಯವನು" ಎಂದುಬಿಟ್ಟಳು.

"ನಿಂಗೆ ಹೇಗೆ ಗೊತ್ತು?"

ಸಿಕ್ಕಿಬಿದ್ದಳು. ಲೈಬ್ರರಿಯಲ್ಲಿ ಇದರದೇ ಇನ್ನೊಂದು ಪ್ರತಿ ಇದೆಯಂತೆ. ಕದ್ದು ಮನೆಗೆ ಒಯ್ದು, ಹತ್ತಿಪ್ಪತ್ತು ಪುಟ ಮುಂದೆ ಹೋಗಿದ್ದಾಳೆ. "ಇವರನ್ನ ಕಾಯ್ತಾ ಕೂತ್ರೆ ಮುದುಕಿ ಆಗ್ತೀನಿ" ಎಂದಳು. ಕೊಕ್ಕರೆಗೆ ಬಂದ ಸಿಟ್ಟೇ! ಆ ಪ್ರತಿಗಾಗಿ ಅವರಲ್ಲೀಗ ಸರದಿ ಶುರುವಾಗಿದೆ, ಜಗಳವೂ ಆಗಿದೆ. ಟೀಚರ್ ಮೊನ್ನೆ ದಾರಿಯಲ್ಲಿ ಸಿಕ್ಕಿ, "ಓದಿ ಓದಿ ಅಂತ ಹತ್ತು ವರ್ಷ ಬಾಯಿ ಬಡ್ಕೊಂಡೆ. ನಿಮ್ಮ ಹಾಗೆ ಕೆಟ್ಟದಾಗಿ ಓದೋರು ಒಬ್ರು ಬೇಕಾಗಿತ್ತು ನೋಡಿ" ಎಂದರು. ಹೊಗಳಿದರೋ ತೆಗಳಿದರೋ ನನಗೆ ತಿಳಿಯಲಿಲ್ಲ.

ಇದನ್ನೆಲ್ಲ ಜಂಭಕ್ಕೆ ಬರೆದಿಲ್ಲ. ಅವರು ಕಿತ್ತಾಡುವುದನ್ನು ನೋಡುವಾಗ ನನಗೆ ಕಾಣುವುದು ಕಿಟಕಿಯ ಹತ್ತಿರ ಕೂತು ಲೆಕ್ಕ ಮಾಡುತ್ತಿರುವವಳು.

ಅಜ್ಜ


ಸೆಪ್ಟೆಂಬರ್ 11

ಅಜ್ಜ,

ಕೊಕ್ಕರೆಯೂ ಬರೆದಿದ್ದಳು. ನೀವು ಕಳ್ಳನ ಮಾತನ್ನೂ ತಾಯಿಯ ಮಾತನ್ನೂ ಒಂದೇ ಥರ, ಬೈದ ಹಾಗೆ ಓದುತ್ತೀರಂತೆ.

ಅವರಿಗೆ ಗಣಿತ ಎಂದು ಹೇಳಿದ್ದೀರಿ. ನನಗೂ ಹಾಗೇ ಇಟ್ಟುಕೋ ಎಂದಿರಿ. ನಾನು ಇಟ್ಟುಕೊಳ್ಳುವುದಿಲ್ಲ.

ನಿಮಗೆ ಕೈಬರಹ ಓದಲು ಬರುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಔಷಧಿ ಚೀಟಿ ಬಂದಾಗಲೆಲ್ಲ "ಕನ್ನಡಕ ಎಲ್ಲೋ ಮರೆತೆ, ನೀನೇ ಓದು" ಎನ್ನುತ್ತಿದ್ದಿರಿ. ಕನ್ನಡಕ ಹಣೆಯ ಮೇಲೇ ಇರುತ್ತಿತ್ತು. ಆದರೂ ನಾನು ಬರೆದ ಹಾಳೆಯನ್ನು ಕೊಟ್ಟೆ. ನೀವು "ಓದಿ ಹೇಳು" ಎನ್ನುತ್ತೀರಿ ಎಂದು ಕಾದೆ. ಓದಿ ಹೇಳಬೇಕು ಎಂದು ತುಂಬಾ ಆಸೆಯಿತ್ತು. ನಾಲ್ಕು ದಿನ ಅದು ಅಂಗಡಿಯ ಗೂಡಿನಲ್ಲಿ, ನಿಮ್ಮ ಕನ್ನಡಕದ ಡಬ್ಬಿಯ ಕೆಳಗೆ, ನಾನು ಮಡಚಿಕೊಟ್ಟ ಹಾಗೆಯೇ ಇತ್ತು. ನೀವು ಬಿಚ್ಚಿಯೂ ನೋಡಲಿಲ್ಲ. ಆಮೇಲೆ "ಚೆನ್ನಾಗಿದೆ" ಎಂದು ವಾಪಸ್ ಕೊಟ್ಟಿರಿ.

ನನಗೆ ಸಿಟ್ಟು ಬಂತು. ಅದಕ್ಕೇ ಎಲ್ಲರೂ ಅಂಗಡಿಗೆ ಬಂದ ದಿನ, ಬೇಕೆಂದೇ, ಅವರ ಮುಂದೆ ಕೇಳಿದೆ: "ಅಜ್ಜ, ಕೊನೆಗೆ ಅವಳು ಪೆಟ್ಟಿಗೆ ಏನು ಮಾಡಿದಳು?" ನೀನು "ತೆಗೆದಳು" ಎಂದೆ. ನಾನು ಬರೆದದ್ದರಲ್ಲಿ ಅವಳು ಅದನ್ನು ನದಿಗೆ ಬಿಡುತ್ತಾಳೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನಿನ್ನ ಮುಖ ನೋಡಿದೆ, ಆದರೂ ನಿಲ್ಲಿಸಲಿಲ್ಲ. ಮರುದಿನ ಪುಸ್ತಕ ಪಟ್ಟಿಯಾಗಿತ್ತು.

ಇದನ್ನು ನಾನು ಅಮ್ಮನಿಗೂ ಹೇಳಿಲ್ಲ. ಇಲ್ಲಿ ಬರೆದದ್ದು ನಿಮಗೆ ಹಗುರವಾಗಲಿ ಎಂದಲ್ಲ. ನನ್ನ ಪಾಲನ್ನು ಹೇಳಿದ್ದೇನೆ. ನಿಮ್ಮ ಪಾಲನ್ನು ನೀವು ಅವರಿಗೆ ಹೇಳಬೇಕು. ಗಣಿತ ಅಲ್ಲ ಎಂದು.

ಹೋದ ವಾರ ಅಮ್ಮನಿಗಾಗಿ ಆಸ್ಪತ್ರೆಯಲ್ಲಿ ಕಾಯುತ್ತಿದ್ದಾಗ ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಒಂದು ಕಥೆಪುಸ್ತಕ ಸಿಕ್ಕಿತು. ಮೂರು ಪುಟ ಓದಿದೆ. ಓದುತ್ತಾ ಓದುತ್ತಾ, ಯಾರಾದರೂ ನೋಡುತ್ತಿದ್ದಾರಾ ಎಂದು ಹಿಂದೆ ತಿರುಗಿ ನೋಡಿದೆ. ಅಲ್ಲೇ ಮುಚ್ಚಿಟ್ಟೆ.

ಮೊಮ್ಮಗಳು


ಸೆಪ್ಟೆಂಬರ್ 24

ಇರುವೆ,

ನೀನು ಹಿಂದೆ ತಿರುಗಿ ನೋಡಿದೆ ಎನ್ನುವ ಸಾಲಿನ ಹತ್ತಿರ ನಾನು ಕಾಗದ ಕೆಳಗಿಟ್ಟೆ. ಕಟ್ಟಲು ಬಂದಿದ್ದ ಕೆಲಸವನ್ನು ಆ ದಿನ ಮುಟ್ಟಲಿಲ್ಲ. ಹದಿನೈದು ವರ್ಷದ ಹುಡುಗಿ ಕಥೆ ಓದಲು ಕಳ್ಳಿಯ ಹಾಗೆ ಸುತ್ತ ನೋಡಬೇಕು. ಅದನ್ನು ಕಲಿಸಿದವನು ನಾನು. ಪಾಠ ಹೇಳಿಕೊಡಲು ಬಾರದವನು ಇದೊಂದನ್ನು ಚೆನ್ನಾಗಿ ಕಲಿಸಿದೆ.

ನೀನು ನಕ್ಕದ್ದು ತಪ್ಪಲ್ಲ. ಮುದುಕ ಸುಳ್ಳು ಹೇಳಿದ, ಸಿಕ್ಕಿಬಿದ್ದ, ಮಕ್ಕಳು ನಕ್ಕರು. ಅಲ್ಲಿಗೆ ಮುಗಿಯಬೇಕಿತ್ತು. ಅದರ ಭಾರ ನೀನು ಹೊರಬೇಡ.

ಆದರೆ ಒಂದು ಕಡೆ ನಿನ್ನ ಲೆಕ್ಕ ತಪ್ಪಿದೆ. ಬಿಚ್ಚಿಯೂ ನೋಡಲಿಲ್ಲ ಎಂದು ಬರೆದಿದ್ದೀಯ. ಬಿಚ್ಚಿದ್ದೆ. ನಾಲ್ಕು ದಿನವೂ ಬಿಚ್ಚಿದ್ದೆ. ನೀನು ಶಾಲೆಗೆ ಹೋದಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು, ಹಾಳೆಯನ್ನು ಬೆಳಕಿಗೆ ಹಿಡಿದು ಕೂರುತ್ತಿದ್ದೆ. ನೀನು ಓಡಿಸಿ ಬರೆದ ಅಕ್ಷರ, ಒಂದರ ಬಾಲ ಇನ್ನೊಂದರ ತಲೆಗೆ. ನಾಲ್ಕು ದಿನಕ್ಕೆ ಮೂರು ಪದ ಸಿಕ್ಕವು: ನದಿ, ಅವಳು, ಕೈ. ಹಾಳೆ ಮಡಚುವುದು ನನ್ನ ಕಸುಬು. ಹಳೆಯ ಗೆರೆಯ ಮೇಲೇ ಮಡಚಿದರೆ ಬಿಚ್ಚಿದ್ದು ಯಾರಿಗೂ ತಿಳಿಯುವುದಿಲ್ಲ. ಹಾಗೆ ಮಡಚಿಟ್ಟೆ. "ಓದಿ ಹೇಳು" ಎನ್ನುವ ಎರಡು ಮಾತು ನನ್ನ ಬಾಯಲ್ಲಿ ಬರಲಿಲ್ಲ. ಬಂದಿದ್ದರೆ ಇಷ್ಟೆಲ್ಲ ಇರಲಿಲ್ಲ.

ನಿನ್ನೆ ಅವರಿಗೆ ಹೇಳಿದೆ.

ಪುಸ್ತಕ ತೆರೆಯಲಿಲ್ಲ. "ಒಂದು ಮಾತಿದೆ, ಮಧ್ಯೆ ಬಾಯಿ ಹಾಕಬೇಡಿ" ಎಂದೆ. ಗಣಿತಕ್ಕಲ್ಲ ಎಂದೆ. ಅವಳ ಕೈಬರಹ ಓದಲಾಗಲಿಲ್ಲ, ಓದಿದೆ ಎಂದು ಸುಳ್ಳು ಹೇಳಿದೆ, ನೀವು ನಕ್ಕಿರಿ, ನನಗೆ ಅವಮಾನವಾಯಿತು, ಆ ಉರಿಗೆ ಕತ್ತರಿಸಿದೆ, ನೀಲಿ ಶಾಯಿ ಕಂಡಮೇಲೂ ನಿಲ್ಲಿಸಲಿಲ್ಲ ಎಂದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕಣ್ಣು ಮೇಜಿನ ಮೇಲೇ ಇತ್ತು.

ಕೊಕ್ಕರೆಯೇ ಮೊದಲು, "ನಿಮಗೆ ಓದೋಕೆ ಬರಲ್ಲ ಅಂತ ಅವತ್ತು ನಮಗೆಲ್ಲಿ ಗೊತ್ತಿತ್ತು? ಬೇಜವಾಬ್ದಾರಿ ಅಜ್ಜ, ಓದದೇ ಬಿಟ್ಟಿದ್ದಾರೆ ಅಂದ್ಕೊಂಡ್ವಿ" ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೇಕರಿಯವನ ಮಗಳು, ಅದೇ ನೆಲ ನೋಡುವವಳು, ತಲೆಯೆತ್ತಿ ಕೇಳಿದಳು: "ಈಗ ದಿನಾ ನಗ್ತೀವಲ್ಲ ಅಜ್ಜ. ಈಗ ಯಾವ ಪುಸ್ತಕ ಕತ್ತರಿಸ್ತೀರಿ?"

ಅವಳು ತಮಾಷೆಗೆ ಕೇಳಲಿಲ್ಲ. ಅವಳಿಗೆ ಉತ್ತರ ಬೇಕಿತ್ತು.

"ಯಾವುದೂ ಇಲ್ಲಮ್ಮ" ಎಂದೆ. 'ಅಮ್ಮ' ಎಂದು ಆ ಹುಡುಗಿಯನ್ನು ಎಂದೂ ಕರೆದವನಲ್ಲ. ಅವಳು ಪುಸ್ತಕ ನನ್ನ ಕಡೆ ಸರಿಸಿ, "ಸರಿ, ಓದಿ" ಎಂದಳು. ಓದಿದೆ. ಎರಡನೆಯ ಸಾಲಿನಲ್ಲೇ ಎಡವಿದೆ. ಅವರು ನಗಲಿಲ್ಲ. 'ಪಾಪ' ಎಂದುಕೊಂಡು ನಗಲಿಲ್ಲ ಎನ್ನುವುದು ನನಗೆ ಗೊತ್ತಾಯಿತು. ಮೈ ಹಿಡಿಯಾಯಿತು.

"ಏನು, ಎಲ್ಲರ ಬಾಯಿಗೂ ಹೊಲಿಗೆ ಹಾಕಿದೆಯೇನು? ತಪ್ಪು ಓದಿದ್ರೆ ಹೇಳ್ರೇ!" ಎಂದು ಗದರಿದೆ. ಆಗ ಕೊಕ್ಕರೆ ಕಿಸಕ್ಕನೆ ನಕ್ಕಳು. ಆಮೇಲೆ ಎಲ್ಲರೂ.

ಅಕ್ಟೋಬರಿನಲ್ಲಿ ನಿಮಗೆ ರಜೆ ಎಂದು ನಿನ್ನ ಅಮ್ಮ ಹೇಳಿದಳು. ಬಾ ಎಂದು ಹೇಳುವ ಮುಖ ನನಗಿಲ್ಲ. ಬಂದರೆ ನನ್ನನ್ನು ಮಾತಾಡಿಸಲೇಬೇಕು ಎಂದೇನಿಲ್ಲ. ನಾವು ತೊಂಬತ್ತನೆಯ ಪುಟದಲ್ಲಿದ್ದೇವೆ. ಅವರೆಲ್ಲ ಮುಗಿಸಿ ಬೇರೆ ಬೇರೆ ಪುಸ್ತಕಕ್ಕೆ ಹೋಗಿದ್ದಾರೆ. ಆದರೂ ನಾನು ಎಲ್ಲಿ ಎಡವುತ್ತೇನೆ ನೋಡಲು ನಾಲ್ಕೂವರೆಗೆ ಬಂದು ಕೂರುತ್ತಾರೆ.

ನಗಲು ಏಳು ಜನ ಇದ್ದಾರೆ. ಎಂಟನೆಯವಳಿಗೆ ಎಲ್ಲರಿಗಿಂತ ಹೆಚ್ಚು ಹಕ್ಕಿದೆ.

ನಿನ್ನ ಅಜ್ಜ